ಹುಬ್ಬಳ್ಳಿ ಏರ್‌ಪೋರ್ಟ್ ಸೀನರಿ ತಗೊಳ್ಳೋ ಮುಂಚೆ ಏನೇನು ನೋಡಬೇಕು? ಸಿಮ್ ಹಾರಿಸೋರು ಬರ್ರಿ

ಗೋಕುಲ್‌ಫೈನಲ್ (ಹುಬ್ಬಳ್ಳಿ)

ಎಲ್ಲಾರಿಗೂ ನಮಸ್ಕಾರ. ಸಿಮ್ ಅಂದ್ರ ಕಂಪ್ಯೂಟರಿನ್ಯಾಗ ವಿಮಾನ ಹಾರಿಸೋ ಫ್ಲೈಟ್ ಸಿಮ್ಯುಲೇಟರ್, ಸೀನರಿ ಆ್ಯಡ್-ಆನ್ ಅಂದ್ರ ಅದರಾಗ ಒಂದು ಏರ್‌ಪೋರ್ಟ್ ಖರೇ ಇದ್ದಂಗ ಕಾಣಲಿ ಅಂತ ಹಾಕೋ ಪ್ಯಾಕ್. ಈ ಬಳಗದಾಗ ಮತ್ತ ಮತ್ತ ಬರೋ ಪ್ರಶ್ನೆ ಒಂದೈತಿ: ಹುಬ್ಬಳ್ಳಿ, ಬೆಳಗಾವಿ, ಗೋವಾದ ಮೋಪಾ ಏರ್‌ಪೋರ್ಟಿಗೆ ಯಾವ ಸೀನರಿ ಆ್ಯಡ್-ಆನ್ ಹಾಕಬೇಕು, ಕೊಟ್ಟ ರೊಕ್ಕಕ್ಕ ಬೆಲೆ ಬರ್ತೈತೇನು? ಉತ್ತರ ಕೊಡೋರು ಬಹಳ ಸಲ ಒಂದು ಸ್ಕ್ರೀನ್‌ಶಾಟ್ ಹಾಕಿ ಸುಮ್ಮನಾಗ್ತಾರ. ಸಂಜಿ ಬೆಳಕು, ಟರ್ಮಿನಲ್ ಗಾಜಿನ ಮ್ಯಾಲ ಬಿಸಿಲು, ಮುಂದೊಂದು ಏರ್‌ಬಸ್. ಆ ಚಿತ್ರ ತೆಗೆದ ಕ್ಯಾಮೆರಾ ಪೈಲಟ್ ಎಂದೂ ಕೂಡದ ಜಾಗದಾಗ ನಿಂತಿರ್ತೈತಿ. ನಾವು ಕೂಡೋದು ಕಾಕ್‌ಪಿಟ್‌ನ್ಯಾಗ. ಸೀನರಿಯನ್ನ ಮೊದಲು ಫೈನಲ್ ಅಪ್ರೋಚ್‌ನಿಂದ (ರನ್‌ವೇಗೆ ನೇರ ಮುಖ ಮಾಡಿ ಇಳಿಯೋ ಕಡೇ ಹಾದಿ) ಅಳೀರಿ, ಆಮ್ಯಾಲ ಟ್ಯಾಕ್ಸಿವೇ (ರನ್‌ವೇಯಿಂದ ಪಾರ್ಕಿಂಗ್‌ಗೆ ಹೋಗೋ ದಾರಿ) ಮ್ಯಾಲಿಂದ, ಟರ್ಮಿನಲ್ ಕಟ್ಟಡ ಕಡೀಕ. ನಾನು ಹೇಳೂದು ಇಷ್ಟ.

ನಮ್ಮೂರಿನ ಲೆಕ್ಕಾನ ತಗೋರಿ. ಹುಬ್ಬಳ್ಳಿ ಕೋಡ್ ವಿಓಎಚ್‌ಬಿ, ರನ್‌ವೇ 08/26 (ಪಡುವಣ ತುದಿ 08, ಮೂಡಣ ತುದಿ 26), ಉದ್ದ 2,600 ಮೀಟರ್, ಅಗಲ 45 ಮೀಟರ್. ಉದ್ದ ಮಾಡಿದ ರನ್‌ವೇ, ಹೊಸ ಟರ್ಮಿನಲ್ ಎರಡೂ ಉದ್ಘಾಟನೆ ಆಗಿದ್ದು 2017ರ ಡಿಸೆಂಬರ್‌ನ್ಯಾಗ. ಅದಕ್ಕೂ ಹಿಂದ ರನ್‌ವೇ ಗಿಡ್ಡ ಇತ್ತು, ಎಟಿಆರ್‌ನಂಥ ಸಣ್ಣ ವಿಮಾನಕ್ಕಷ್ಟ ಸಾಲ್ತಿತ್ತು. ಈಗ ಪ್ರಶ್ನೆ ಏನಂದ್ರ, ನೀವು ಇಳಿಸಿಕೊಳ್ಳೋ ಪ್ಯಾಕ್ ಯಾವ ವರ್ಷದ ಹುಬ್ಬಳ್ಳಿ? ಹಳೇ ಉಪಗ್ರಹ ಚಿತ್ರದ ಮ್ಯಾಲ ಕೂತು ಮಾಡಿದ್ದಾದ್ರ ರನ್‌ವೇ ಗಿಡ್ಡ ಉಳೀತೈತಿ, ಇಲ್ಲಾ ಉದ್ದ ಎಳೆದಿದ್ರೂ ಗೆರೆಗಳು ಹಳೇವ ಇರ್ತಾವ.

ಗೆರೆ ಎಣಿಸೋದು ಎಲ್ಲಾಕ್ಕಿಂತ ಸರಳ ಪರೀಕ್ಷೆ. ರನ್‌ವೇ ಸುರುವಾಗೋ ಕಡೆ, ಥ್ರೆಶೋಲ್ಡ್‌ನ್ಯಾಗ, ಉದ್ದಕ್ಕ ಬಿಳಿ ಪಟ್ಟಿ ಇರ್ತಾವಲ್ಲ, ಅವು ಬರೇ ಚಂದಕ್ಕ ಹಾಕಿದ್ದಲ್ಲ. ಅಂತರರಾಷ್ಟ್ರೀಯ ನಿಯಮದ ಪ್ರಕಾರ 30 ಮೀಟರ್ ಅಗಲದ ರನ್‌ವೇಗೆ 8 ಪಟ್ಟಿ, 45 ಮೀಟರಿಗೆ 12, 60 ಮೀಟರಿಗೆ 16. ಪ್ಯಾಕ್‌ನ್ಯಾಗ 8 ಪಟ್ಟಿ ಕಂಡ್ರ ಮಾಡಿದವರು ಅಗಲ ನೋಡಿಲ್ಲ ಅಂತ ಅರ್ಥ. ಇನ್ನ ದಪ್ಪನ ಎರಡು ಬಿಳಿ ಪಟ್ಟಿ, ಏಮಿಂಗ್ ಪಾಯಿಂಟ್, ಇಳಿಯೋ ಮುಂದ ಪೈಲಟ್ ಗುರಿ ಇಡೋ ಗುರುತು. ಇಳಿಯೋಕ್ಕ ಸಿಗೋ ಉದ್ದ 2,400 ಮೀಟರ್ ಇಲ್ಲಾ ಅದಕ್ಕೂ ಹೆಚ್ಚಿದ್ರ ಅವು ಥ್ರೆಶೋಲ್ಡ್‌ನಿಂದ 400 ಮೀಟರ್ ದೂರ ಸುರುವಾಗಬೇಕು. ಅದಕ್ಕಿಂತ ಕಡಿಮಿ ಉದ್ದಕ್ಕ 300 ಮೀಟರ್. ಹಳೇ ಗಿಡ್ಡ ರನ್‌ವೇಯ ಗುರುತು ಹಂಗ ಉಳಿಸಿದ್ರ ನಿಮ್ಮ ಚಕ್ರ ನೂರು ಮೀಟರ್ ಮೊದಲ ನೆಲ ಮುಟ್ತಾವ.

ಇದನ್ನೆಲ್ಲಾ ಹೊಂದಿಸಿ ನೋಡಾಕ ನಮ್ಮ ವಿಮಾನ ನಿಲ್ದಾಣ ಪ್ರಾಧಿಕಾರದ ಎಐಪಿ, ಅಂದ್ರ ಏರ್‌ಪೋರ್ಟ್‌ಗಳ ಅಧಿಕೃತ ಮಾಹಿತಿ ಪುಸ್ತಕ, ಅಂತರ್ಜಾಲದಾಗ ಪುಕ್ಕಟೆ ಓದಾಕ ಸಿಗ್ತೈತಿ. ಏರ್‌ಪೋರ್ಟ್ ಚಾರ್ಟ್, ಪಾರ್ಕಿಂಗ್ ಚಾರ್ಟ್, ಬೆಳಕಿನ ವಿವರ ಎಲ್ಲಾ ಅದರಾಗ ಅದಾವ. ಮಾರೋರ ಜಾಹೀರಾತಿನ ಪುಟ ಓದೋಕ್ಕಿಂತ ಮೊದಲು ಅದನ್ನ ತೆಗೀರಿ.

ಸಾಧನಕೇರಿ (ಧಾರವಾಡ)

ಗೋಕುಲ್ ಅವರ, ನಿಮ್ಮ ಮಾತು ಒಪ್ಪಿದೆ, ಆದ್ರ ಪೂರಾ ಒಪ್ಪಾಂಗಿಲ್ಲ. ನಾ ಲಂಡನ್ನಿನ ಏರ್‌ಪೋರ್ಟ್ ಸೀನರಿ ತಗೊಂಡ್ರ ಪಟ್ಟಿ ಎಣಿಸೋದು ಸರಿ. ಹುಬ್ಬಳ್ಳಿ ನಮ್ಮದು. ವಿಮಾನದಿಂದ ಇಳಿದು ಹೊರಗ ಬಂದ ಕೂಡ್ಲೆ ಕಾಣೋ ಆ ಸಣ್ಣ ಟರ್ಮಿನಲ್, ಗೋಕುಲ ರೋಡಿನ ತಿರುವು, ಆಕಡೆ ಹೊಲ, ಅದು ನನಗ ಪರಿಚಯ ಸಿಗಬೇಕು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ (ಎಂಎಸ್‌ಎಫ್‌ಎಸ್) 2020ರ ಆಗಸ್ಟ್‌ನ್ಯಾಗ ಬಂದಾಗ ಕೈಯಿಂದ ಮಾಡಿದ ಏರ್‌ಪೋರ್ಟ್ ಅಂತ ಸ್ಟ್ಯಾಂಡರ್ಡ್ ಆವೃತ್ತಿಯೊಳಗ 30, ಪ್ರೀಮಿಯಂ ಡಿಲಕ್ಸ್‌ನೊಳಗ 40 ಕೊಟ್ಟಿದ್ರು. ನೇಪಾಳದ ಲುಕ್ಲಾ ಇತ್ತು, ಭೂತಾನದ ಪಾರೋ ಇತ್ತು, ಭಾರತದ್ದು ಒಂದೂ ಇರಲಿಲ್ಲ. ಅಲ್ಲಿಂದ ಇಲ್ಲೀತನಕ ನಮ್ಮೂರನ್ನ ಯಾರರೆ ಪ್ರೀತಿಯಿಂದ ಕಟ್ಟಲಿ ಅಂತ ಕಾಯ್ಕೋತ ಕೂತೀವಿ. ಆ ಪ್ರೀತಿ ಟರ್ಮಿನಲ್‌ನೊಳಗೂ ಕಾಣಬೇಕಲ್ಲ?

ಮತ್ತ ಇನ್ನೊಂದು. ಏರ್‌ಪೋರ್ಟ್ ಬೇಲಿಗೆ ಸೀನರಿ ಮುಗೀತದ ಅಂತ ತಿಳಕೊಂಡಾವ್ರ ಪ್ಯಾಕ್ ನನಗ ಬ್ಯಾಡ. 26ರ ಫೈನಲ್‌ನೊಳಗ ನಾವು ಊರ ಮ್ಯಾಲಿಂದನ ಬರ್ತೀವಿ. ಬಲಕ್ಕ ಉಣಕಲ್ ಕೆರಿ, ಅದರ ಬಾಜೂಕ ನೃಪತುಂಗ ಬೆಟ್ಟ, ಎಡಕ್ಕ ದೂರದಾಗ ರೈಲ್ವೆ ಜಂಕ್ಷನ್, 1,507 ಮೀಟರಿನ ಆ ಉದ್ದನ್ನ ಪ್ಲ್ಯಾಟ್‌ಫಾರ್ಮು. ನಡುವ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ಓಡೋ ಅಗಲ ದಾರಿ. ಇಷ್ಟು ಕಂಡ್ರ ಊರಿಗೆ ಬಂದೆ ಅನಸ್ತದ.

ಗೋಕುಲ್‌ಫೈನಲ್ (ಹುಬ್ಬಳ್ಳಿ)

ಬೇಲಿಯ ಹೊರಗಿನ ಮಾತು ನೂರಕ್ಕ ನೂರು ಒಪ್ಪಿದೆ, ಮತ್ತ ಅದು ನನ್ನ ಮಾತಿಗೆ ಬಲಾನ ಕೊಡ್ತೈತಿ. ಉಣಕಲ್ ಕೆರಿ ಫೈನಲ್‌ನ್ಯಾಗ ಪೈಲಟ್ ಕಣ್ಣಿಗೆ ಬೇಕಾದ ಗುರುತು. ಮುಂಗಾರಿನಾಗ ಪಡುವಣ ಗಾಳಿ ಬೀಸೋ ಮುಂದ 26ರ ಮ್ಯಾಲ ಇಳೀಬೇಕು, ಮೋಡ ಕೆಳಗಿರ್ತಾವ, ಸಂದಿಯೊಳಗ ನೀರು ಮಿಂಚಿದ್ರ ಎಲ್ಲೀದೀವಿ ಅಂತ ಗೊತ್ತಾಗ್ತೈತಿ. ಟರ್ಮಿನಲ್ ಒಳಗಿನ ಕುರ್ಚಿ ಮಾತ್ರ ಯಾವ ಪೈಲಟ್‌ಗೂ ಕಾಣಂಗಿಲ್ಲ. ಅದನ್ನ ಮಾಡಾಕ ಹಚ್ಚಿದ ಹೊತ್ತು, ಮೆಮೊರಿ ಎರಡೂ ರನ್‌ವೇಯಿಂದ ಕಸಕೊಂಡಿದ್ದು.

ಕಪ್ಪತಗುಡ್ಡ (ಗದಗ)

ಮೆಮೊರಿ ಅಂದ್ರಿ, ಅದಕ್ಕ ಬರೀತೀನಿ. ನನ್ನ ಗ್ರಾಫಿಕ್ಸ್ ಕಾರ್ಡ್ 6 ಜಿಬಿದು. ನಮ್ಮ ಕಡೆ ಬಹಳ ಮಂದಿ ಹತ್ರ ಇಂಥದ್ದ ಐತಿ. ಪ್ಯಾಕ್ ವಿವರದಾಗ "4ಕೆ ಟೆಕ್ಸ್‌ಚರ್" ಅಂತ ದೊಡ್ಡದಾಗಿ ಬರೆದಿರ್ತಾರ. ಅದನ್ನ ಓದಿ ಖುಷಿ ಪಡೋ ಮುಂಚೆ ಲೆಕ್ಕ ಹಾಕ್ರಿ.

4096 ಗುಣಿಲೆ 4096 ಪಿಕ್ಸೆಲ್‌ನ ಒಂದು ಟೆಕ್ಸ್‌ಚರ್, ಅಂದ್ರ ಗ್ವಾಡಿ, ನೆಲದ ಮ್ಯಾಲ ಹಾಸೋ ಚಿತ್ರ, ಕುಗ್ಗಿಸಿದ ಮ್ಯಾಲೂ 16 ಎಂಬಿ. ದೂರಕ್ಕ ಬಳಸೋ ಸಣ್ಣ ಪ್ರತಿಗಳು, ಮಿಪ್‌ಮ್ಯಾಪ್ ಅಂತಾರ, ಅವನ್ನ ಕೂಡಿಸಿದ್ರ ಸುಮಾರು 21 ಎಂಬಿ. ಬೆಳಕು ಖರೇ ಬಿದ್ದಂಗ ತೋರಸೋ ಈಗಿನ ಪಿಬಿಆರ್ ಪದ್ಧತಿಯೊಳಗ ಒಂದ ಗ್ವಾಡಿಗೆ ಕಡಿಮಿ ಅಂದ್ರೂ ಮೂರು ಟೆಕ್ಸ್‌ಚರ್ ಬೇಕು: ಬಣ್ಣಕ್ಕೊಂದು, ಉಬ್ಬುತಗ್ಗಿಗೊಂದು, ಹೊಳಪಿಗೊಂದು. ನಲವತ್ತು ನಮೂನಿ ಮೇಲ್ಮೈ ಇದ್ದ ಏರ್‌ಪೋರ್ಟ್ ಅಂದ್ರ 120 ಟೆಕ್ಸ್‌ಚರ್, ಎರಡೂವರೆ ಜಿಬಿ. ಇದು ಬರೇ ಏರ್‌ಪೋರ್ಟ್. ಇದರ ಮ್ಯಾಲ ವಿಮಾನದ ಕಾಕ್‌ಪಿಟ್ ಬೇಕು, ನೆಲ ಬೇಕು, ಮೋಡ ಬೇಕು. 6 ಜಿಬಿ ತುಂಬಿ ಹೊರಗ ಚೆಲ್ಲಿದ ಕೂಡ್ಲೆ ಸಿಮ್ ತಡವರಸ್ತೈತಿ, ಅದೂ ಎಲ್ಲಿ? ರನ್‌ವೇ ಮ್ಯಾಲ ಐವತ್ತು ಅಡಿ ಇದ್ದಾಗ, ಮೂತಿ ಎತ್ತೋ ಹೊತ್ತಿಗೆ, ಅದಕ್ಕ ಫ್ಲೇರ್ ಅಂತಾರ. ಬ್ಯಾರೆ ಎಲ್ಲಾರೆ ತಡವರಸಿದ್ರ ಸಹಿಸಬಹುದು, ಫ್ಲೇರ್ ಮಾಡೋ ಮುಂದ ಅಲ್ಲ. ಅದ ಟೆಕ್ಸ್‌ಚರ್ 2048ರ ಅಳತಿಯೊಳಗ ಇದ್ರ ನಾಲ್ಕು ಪಟ್ಟು ಕಡಿಮಿ ಜಾಗ. ಕಾಕ್‌ಪಿಟ್‌ನಿಂದ ನೂರು ಮೀಟರ್ ದೂರದ ಗ್ವಾಡಿ ನೋಡೋರಿಗೆ ವ್ಯತ್ಯಾಸ ತಿಳಿಯಂಗಿಲ್ಲ. ಚಲೋ ಮಾಡೋರು ಎರಡೂ ಅಳತಿ ಕೊಟ್ಟು ಆರಿಸಿಕೊಳ್ರಿ ಅಂತಾರ. ಅಂಥಾ ಪ್ಯಾಕ್‌ಗೆ ನಾನು ಮೊದಲ ಮಣೆ ಹಾಕ್ತೀನಿ.

ಪರೀಕ್ಷೆ ಮಾಡೋ ಕ್ರಮಾನೂ ಹೇಳ್ತೀನಿ. ಅದ ವಿಮಾನ, ಅದ ಹೊತ್ತು, ಮೋಡ ಇಲ್ಲದ ಹವಾಮಾನ, ಬ್ಯಾರೆ ವಿಮಾನಗಳ ಟ್ರಾಫಿಕ್ ಪೂರಾ ಬಂದ್. ಮೊದಲು ಆ್ಯಡ್-ಆನ್ ಇಲ್ಲದ ಏರ್‌ಪೋರ್ಟ್, ಆಮ್ಯಾಲ ಆ್ಯಡ್-ಆನ್ ಹಾಕಿ. ಪಾರ್ಕಿಂಗ್‌ನ್ಯಾಗ ನಿಂತು ತಲಿ ಸುತ್ತಲೂ ತಿರುಗಿಸ್ರಿ, ಮತ್ತ ಮೂರು ಮೈಲು ಫೈನಲ್‌ನಿಂದ ಇಳೀರಿ. ಸರಾಸರಿ ಎಫ್‌ಪಿಎಸ್, ಅಂದ್ರ ಸೆಕೆಂಡಿಗೆ ಎಷ್ಟು ಫ್ರೇಮ್ (ಚಿತ್ರ) ಮೂಡತಾವ ಅನ್ನೋ ಲೆಕ್ಕ, ನಂಬಬ್ಯಾಡ್ರಿ. ಒಂದೊಂದು ಫ್ರೇಮ್ ಎಷ್ಟು ಮಿಲಿಸೆಕೆಂಡ್ ತಗೋತೈತಿ ನೋಡ್ರಿ. 30 ಎಫ್‌ಪಿಎಸ್ ಅಂದ್ರ ಫ್ರೇಮಿಗೆ 33 ಮಿಲಿಸೆಕೆಂಡ್. ಅದು ಒಂದೇ ಸಮ ಇದ್ರ 30ರಲ್ಲೂ ಸುಖವಾಗಿ ಇಳೀಬಹುದು. ನಡುನಡುವ 100ಕ್ಕ ಜಿಗಿದ್ರ ಸರಾಸರಿ 45 ಇದ್ರೂ ಕೈ ತಪ್ಪತೈತಿ.

ಎಂಎಸ್‌ಎಫ್‌ಎಸ್‌ನ ಡೆವಲಪರ್ ಮೋಡ್‌ನ್ಯಾಗ ಎಫ್‌ಪಿಎಸ್ ಕಿಟಕಿ ತೆರೆದ್ರ ಅಡ್ಡಿ ಮೇನ್ ಥ್ರೆಡ್‌ನದೋ (ಪ್ರೊಸೆಸರ್ ಕೆಲಸ) ಜಿಪಿಯುದೋ (ಗ್ರಾಫಿಕ್ಸ್ ಕಾರ್ಡ್) ಅಂತ ಅದ ಹೇಳ್ತೈತಿ. ಮೇನ್ ಥ್ರೆಡ್ ಅಂದ್ರ ಪ್ಯಾಕ್‌ನ್ಯಾಗ ಬಿಡಿ ವಸ್ತು ಅತಿ ಆಗ್ಯಾವ: ಒಂದೊಂದು ಕೋನ್, ಒಂದೊಂದು ಟ್ರಾಲಿ, ಒಂದೊಂದು ಮನಿಷ್ಯಾನ ಬೊಂಬಿ.

ಚಿಗರಿ_ಹೊಸಬ (ಹುಬ್ಬಳ್ಳಿ)

ಸರ್, ನಾನು ಹೊಸಬ. ಸಿಮ್ ಇನ್ನೂ ತಗೊಂಡಿಲ್ಲ. ಹುಬ್ಬಳ್ಳಿ ಸೀನರಿಗೋಸ್ಕರ ಆದ್ರೆ ಎಕ್ಸ್-ಪ್ಲೇನ್ 12 ತಗೋಬೇಕಾ, ಎಂಎಸ್‌ಎಫ್‌ಎಸ್ 2024 ತಗೋಬೇಕಾ? ಆ್ಯಡ್-ಆನ್ ಇಲ್ಲದೆ ಏನೂ ಕಾಣಲ್ವಾ?

ಗೋಕುಲ್‌ಫೈನಲ್ (ಹುಬ್ಬಳ್ಳಿ)

ಬರ್ರಿ ಬರ್ರಿ. ಎರಡರಾಗೂ ಆ್ಯಡ್-ಆನ್ ಇಲ್ಲದ ಹುಬ್ಬಳ್ಳಿಗೆ ಹಾರಬಹುದು. ಮೇಲಿನಿಂದ ನಮ್ಮ ಊರಂತ ಗುರುತು ಸಿಗಬೇಕಂದ್ರ ಎಂಎಸ್‌ಎಫ್‌ಎಸ್, ಯಾಕಂದ್ರ ನೆಲಕ್ಕ ಬಿಂಗ್ ನಕ್ಷೆಯ ಉಪಗ್ರಹ ಚಿತ್ರಾನ ಹಾಸಿರ್ತೈತಿ. ಆದ್ರ ಅದು ಅಂತರ್ಜಾಲದಿಂದ ಹರಿದು ಬರೋದು, ನೆಟ್ ಗಟ್ಟಿ ಇರಬೇಕು. ಎಕ್ಸ್-ಪ್ಲೇನ್ ನೆಲ ತಾನ ಕಟ್ಟಿದ್ದು, ನೆಟ್ ಇಲ್ಲದಿದ್ರೂ ನಡೀತೈತಿ. ಉಪಗ್ರಹ ಚಿತ್ರ ಬೇಕಂದ್ರ ಆರ್ಥೋ4ಎಕ್ಸ್‌ಪಿ ಅನ್ನೋ ಪುಕ್ಕಟೆ ಸಾಧನದಿಂದ ನೀವ ಮಾಡ್ಕೋಬೇಕು, ಡಿಸ್ಕಿನ್ಯಾಗ ಜಾಗ ಬಹಳ ಬೇಕು. ಮೊದಲ ತಿಂಗಳು ಯಾವ ಆ್ಯಡ್-ಆನ್‌ಗೂ ರೊಕ್ಕ ಹಾಕಬ್ಯಾಡ್ರಿ.

ವರದಾತೀರ (ಹಾವೇರಿ)

ನಾನು ಎಕ್ಸ್-ಪ್ಲೇನ್ ಕಡೆಯವನು. ಕೊಳ್ಳೋರ ಮಾತು ಬಹಳ ಆಯ್ತು, ಮಾಡೋರ ಕಡೆಯಿಂದ ಸ್ವಲ್ಪ ಕೇಳಿ.

ಎಕ್ಸ್-ಪ್ಲೇನ್‌ನಲ್ಲಿ ಸೀನರಿ ಗೇಟ್‌ವೇ ಅಂತ ಒಂದಿದೆ. ವರ್ಲ್ಡ್ ಎಡಿಟರ್ ಅನ್ನೋ ಪುಕ್ಕಟೆ ಸಾಧನದಲ್ಲಿ ಯಾರು ಬೇಕಾದರೂ ತಮ್ಮೂರಿನ ಏರ್‌ಪೋರ್ಟ್ ಮಾಡಿ ಕಳಿಸಬಹುದು. ಪರಿಶೀಲನೆ ಆಗಿ ಒಪ್ಪಿಗೆ ಸಿಕ್ಕರೆ ಅದು ಮುಂದಿನ ಅಪ್‌ಡೇಟ್ ಜೊತೆ ಎಲ್ಲರ ಕಂಪ್ಯೂಟರಿಗೂ ಹೋಗುತ್ತದೆ. ಒಂದು ಕಟ್ಟುಪಾಡು ಇದೆ: ಸಿಮ್‌ನ ಸ್ವಂತ ಲೈಬ್ರರಿಯಲ್ಲಿರೋ ಕಟ್ಟಡಗಳನ್ನೇ ಬಳಸಬೇಕು, ನಮ್ಮದೇ ಮಾಡೆಲ್ ಸೇರಿಸೋ ಹಾಗಿಲ್ಲ. ಅಂದರೆ ಹುಬ್ಬಳ್ಳಿ ಟರ್ಮಿನಲ್ ಹುಬ್ಬಳ್ಳಿಯದಾಗಿ ಕಾಣೋದಿಲ್ಲ, ಆದರೆ ರನ್‌ವೇ, ಟ್ಯಾಕ್ಸಿವೇ, ಪಾರ್ಕಿಂಗ್, ಫಲಕ ಎಲ್ಲ ಕರಾರುವಾಕ್ಕಾಗಿ ಇರಬಹುದು. ಗೋಕುಲ್ ಅವರು ಹೇಳೋ ಕ್ರಮಕ್ಕೆ ಇದು ಸರಿಯಾಗಿ ಹೊಂದುತ್ತೆ. ದುಡ್ಡು ಕೊಡೋ ಮುಂಚೆ ಗೇಟ್‌ವೇ ಆವೃತ್ತಿಯಲ್ಲಿ ಒಮ್ಮೆ ಇಳಿದು ನೋಡಿ. ಅದರಲ್ಲಿ ಇಲ್ಲದ್ದು ಈ ಪ್ಯಾಕ್‌ನಲ್ಲಿ ಏನಿದೆ ಅಂತ ಕೇಳಿಕೊಳ್ಳಿ. ಉತ್ತರ ಬರೀ "ಟರ್ಮಿನಲ್" ಅಂತಾದರೆ, ನಿಮಗೆ ಅದು ಬೇಕೋ ಬೇಡವೋ ನೀವೇ ತೀರ್ಮಾನಿಸಿ. ಚಿತ್ರ ಮಾತ್ರ ನೋಡಿ ಕೊಳ್ಳೋದು ಬ್ಯಾಡಗಿ ಮೆಣಸಿನಕಾಯಿ ಬಣ್ಣ ನೋಡಿ ಖಾರ ಅಳೆದ ಹಾಗೆ.

ನನ್ನ ಪ್ರಕಾರ ಯಾರೂ ಬರೆಯದ ವಿಷಯ ಒಂದಿದೆ: ಮಣ್ಣು. ಹುಬ್ಬಳ್ಳಿಯಿಂದ ಮೂಡಲಿಗೆ ಅಣ್ಣಿಗೇರಿ, ಗದಗ ಅಂತ ಹೋದರೆ ಯರಿ ಭೂಮಿ, ಕಪ್ಪು ನೆಲ. ಪಡುವಲಿಗೆ ಕಲಘಟಗಿ, ಹಳಿಯಾಳದ ಕಡೆ ಹೋದರೆ ಕೆಂಪು ಮಣ್ಣು, ಸಾಗವಾನಿ, ಮಲೆನಾಡಿನ ಸೆರಗು. ಏರ್‌ಪೋರ್ಟ್ ನಿಂತಿರೋದು ಈ ಎರಡರ ನಡುವೆ. ಹೊರದೇಶದಲ್ಲಿ ಕೂತು ಮಾಡೋರು ಏರ್‌ಪೋರ್ಟಿನ ಚೌಕಕ್ಕೆ ತಮ್ಮದೇ ಹಸಿರು ಹುಲ್ಲಿನ ಚಿತ್ರ ಹಾಸುತ್ತಾರೆ. ಹತ್ತು ಸಾವಿರ ಅಡಿಯಿಂದ ನೋಡಿದರೆ ಕಪ್ಪು ಹೊಲದ ನಡುವೆ ಒಂದು ಹಸಿರು ತೇಪೆ. ಅಂಚು ಬೆರೆಸಿಲ್ಲ ಅಂತ ಅಲ್ಲೇ ಗೊತ್ತಾಗುತ್ತೆ. ಮರ ಕೂಡ ಹಾಗೆ. ಧಾರವಾಡದ ಸುತ್ತ ಮಾವಿನ ತೋಪು ಇರಬೇಕು, ಹುಬ್ಬಳ್ಳಿ ಕಡೆ ಬೇವು, ಜಾಲಿ. ಪೈನ್ ಮರ ಕಂಡರೆ ಆ ಪ್ಯಾಕ್ ಮಾಡಿದವರು ಈ ಸೀಮೆಯ ಒಂದು ಫೋಟೋ ಕೂಡ ತೆರೆದು ನೋಡಿಲ್ಲ.

ಕಪ್ಪತಗುಡ್ಡ (ಗದಗ)

ಮಣ್ಣಿನ ಮಾತಿಗೆ ಕೈ ಮುಗಿದೆ. ನಮ್ಮ ಕಡೆಯಿಂದ ಒಂದು ಕೂಡಸ್ತೀನಿ: ಗದಗಿನ ಮ್ಯಾಲಿಂದ ಹುಬ್ಬಳ್ಳಿಗೆ ಹೋಗೋ ಮುಂದ ಎಡಕ್ಕ ಕಪ್ಪತಗುಡ್ಡದ ಸಾಲು, ಅಲ್ಲಿ ಗಾಳಿಯಂತ್ರ. ಅವು ಇಲ್ಲದ ಸೀನರಿಯೊಳಗ ನಾನು ನಮ್ಮ ಜಿಲ್ಲೆ ದಾಟಿದ್ದ ಗೊತ್ತಾಗಂಗಿಲ್ಲ. ಏರ್‌ಪೋರ್ಟ್ ಪ್ಯಾಕ್ ಇಷ್ಟು ದೂರ ಬರಬೇಕಂತ ಹೇಳಾಂಗಿಲ್ಲ, ಆದ್ರ ಯಾರಾರ ಗಾಳಿಯಂತ್ರದ ಪುಕ್ಕಟೆ ಪ್ಯಾಕ್ ಮಾಡಿದ್ರ ಎಲ್ಲಾರಿಗೂ ಹೇಳ್ರಿ.

ವಿಂಡ್‌ಸಾಕ್ (ಧಾರವಾಡ)

ನಾನು ಪೈಲಟ್ ಪರೀಕ್ಷೆಗೆ ಓದುತ್ತಿರುವವಳು. ಮನೆಯ ಸಿಮ್‌ನಲ್ಲಿ ಕಳೆದ ಗಂಟೆಗಳು ಲಾಗ್‌ಬುಕ್ಕಿಗೆ ಸೇರುವುದಿಲ್ಲ, ಆದರೆ ಕಣ್ಣಿನ ಅಭ್ಯಾಸಕ್ಕೆ ಅದರಿಂದ ಉಪಯೋಗವೂ ಇದೆ, ಹಾನಿಯೂ ಇದೆ. ಹಾನಿ ಎಲ್ಲಿ ಅಂತ ಹೇಳಲೇಬೇಕು.

ನಾವು ಇಳಿಯುವಾಗ ಎತ್ತರವನ್ನು ಊಹಿಸುವುದು ರನ್‌ವೇಯ ಆಕಾರದಿಂದ. ಕಣ್ಣಿಗೆ ರೂಢಿಯಾದದ್ದಕ್ಕಿಂತ ಕಿರಿದಾದ ರನ್‌ವೇ ಕಂಡರೆ ನಾವು ಇರುವುದಕ್ಕಿಂತ ಮೇಲಿದ್ದೇವೆ ಎಂಬ ಭ್ರಮೆ ಹುಟ್ಟುತ್ತದೆ, ಅದನ್ನು ನಂಬಿ ಕೆಳಗಿಳಿಯುತ್ತೇವೆ. ಅಗಲವಾದದ್ದು ಕಂಡರೆ ಇದರ ತಿರುಗು ಮುರುಗು: ಕೆಳಗಿದ್ದೇವೆ ಅನಿಸಿ ಬೇಗ ಫ್ಲೇರ್ ಮಾಡುತ್ತೇವೆ. ನಮ್ಮಿಂದ ದೂರ ಹೋದಂತೆ ಏರುತ್ತಾ ಹೋಗುವ ರನ್‌ವೇ ಕೂಡ ಮೇಲಿದ್ದೇವೆ ಎಂಬ ಭ್ರಮೆಯನ್ನೇ ಕೊಡುತ್ತದೆ. ಇವು ತರಬೇತಿಯಲ್ಲಿ ಎಲ್ಲರಿಗೂ ಕಲಿಸುವ ಪಾಠಗಳು. ಹಾಗಿರುವಾಗ 45 ಮೀಟರ್ ಇರಬೇಕಾದ ರನ್‌ವೇಯನ್ನು 30 ಮೀಟರ್ ಮಾಡಿಟ್ಟ ಸೀನರಿ ಚಿತ್ರದಲ್ಲಿ ಎಷ್ಟೇ ಸುಂದರವಾಗಿರಲಿ, ಅದು ಕಣ್ಣಿಗೆ ತಪ್ಪು ಕಲಿಸುತ್ತದೆ. ಇಳಿಜಾರು ಕೂಡ ಹಾಗೆಯೇ. ಈಗಿನ ಸಿಮ್‌ಗಳು ರನ್‌ವೇಯ ಏರಿಳಿತವನ್ನು ತೋರಿಸಬಲ್ಲವು. ಎಐಪಿಯಲ್ಲಿ ಎರಡೂ ತುದಿಗಳ ಎತ್ತರ ಕೊಟ್ಟಿರುತ್ತಾರೆ. ಅಷ್ಟನ್ನು ನೋಡದೆ ಹಲಗೆಯಷ್ಟು ಸಮತಟ್ಟು ಮಾಡಿಟ್ಟವರ ಪ್ಯಾಕನ್ನು ನಾನು ಮುಟ್ಟುವುದಿಲ್ಲ.

ಇಳಿಯುವ ಎತ್ತರ ಸರಿಯೇ ಎಂದು ಬಿಳಿ, ಕೆಂಪು ಬಣ್ಣದಿಂದ ತೋರಿಸುವ ರನ್‌ವೇ ಬದಿಯ ಪಾಪಿ (PAPI) ದೀಪಗಳನ್ನೂ ಪರೀಕ್ಷಿಸಿ. ಮೂರು ಡಿಗ್ರಿ ಇಳಿಜಾರಿನಲ್ಲಿ ಒಂದು ನಾಟಿಕಲ್ ಮೈಲಿಗೆ ಸುಮಾರು 318 ಅಡಿ ಇಳಿಯುತ್ತೇವೆ. ಥ್ರೆಶೋಲ್ಡ್ ದಾಟುವಾಗ 50 ಅಡಿ ಇರಬೇಕೆಂದರೆ ಮೂರು ಮೈಲಿ ದೂರದಲ್ಲಿ ನೆಲದಿಂದ ಸುಮಾರು 1,000 ಅಡಿ. ಹುಬ್ಬಳ್ಳಿಯ ನೆಲದ ಎತ್ತರ ಸಮುದ್ರಮಟ್ಟದಿಂದ ಸುಮಾರು 2,170 ಅಡಿ. ಹಾಗಾದರೆ ಮೂರು ಮೈಲಿಯಲ್ಲಿ ಆಲ್ಟಿಮೀಟರ್ 3,170ರ ಆಸುಪಾಸು ತೋರಿಸಬೇಕು, ಆಗ ಎರಡು ಬಿಳಿ, ಎರಡು ಕೆಂಪು ಕಾಣಬೇಕು. ನಾಲ್ಕೂ ಬಿಳಿ ಅಥವಾ ನಾಲ್ಕೂ ಕೆಂಪು ಕಂಡರೆ ದೀಪ ತಪ್ಪು ಜಾಗದಲ್ಲಿದೆ, ಅಥವಾ ಅದರ ಕೋನ ತಪ್ಪಾಗಿದೆ.

ಸಾಧನಕೇರಿ (ಧಾರವಾಡ)

ವಿಂಡ್‌ಸಾಕ್ ಅವರ, ನೀವು ಬರದದ್ದು ಓದಿದ ಮ್ಯಾಲ ಅಗಲದ ಬಗ್ಗೆ ನನ್ನ ತಕರಾರು ಏನೂ ಉಳೀಲಿಲ್ಲ. ಆದ್ರ ಎಲ್ಲಾರೂ ಪೈಲಟ್ ಆಗಾಕ ಹಾರಸಂಗಿಲ್ಲಲ್ಲ. ದೂರದ ಊರಾಗ ನೌಕರಿ ಮಾಡಕೋತ, ವರ್ಷಕ್ಕೊಮ್ಮೆ ಊರಿಗೆ ಬರೋ ಮಂದಿ ಎಷ್ಟೋ ಅದಾರ. ಅವರು ರಾತ್ರಿ ಬೆಂಗಳೂರಿಂದ ಹುಬ್ಬಳ್ಳಿಗೆ ಸಿಮ್‌ನೊಳಗ ಹಾರಸ್ತಾರ, ಇಳಿದ ಮ್ಯಾಲ ಎಂಜಿನ್ ಬಂದ್ ಮಾಡಿ ಆ ಟರ್ಮಿನಲ್ ಕಡೆ ನೋಡ್ಕೋತ ಕೂಡ್ತಾರ. ಅವರಿಗೆ ಕಟ್ಟಡ ಸರಿ ಇರಬೇಕಾದ್ದು ರನ್‌ವೇ ಸರಿ ಇರಬೇಕಾದಷ್ಟ ಮುಖ್ಯ. ಆ ಮಂದಿ ಪರವಾಗಿ ಈ ಮಾತು ಬಿಡಂಗಿಲ್ಲ ನಾ.

ಗೋಕುಲ್‌ಫೈನಲ್ (ಹುಬ್ಬಳ್ಳಿ)

ಅವರ ಮನಸ್ಸು ನನಗ ತಿಳೀತೈತಿ, ಅದನ್ನ ಸಣ್ಣದಂತ ಎಂದೂ ಅನ್ನಂಗಿಲ್ಲ. ಆದ್ರ ಟರ್ಮಿನಲ್ ಬಗ್ಗೆ ಒಂದು ಗಟ್ಟಿ ತೊಡಕೈತಿ. 2024ರ ಮಾರ್ಚ್ 10ಕ್ಕ ಹುಬ್ಬಳ್ಳಿ, ಬೆಳಗಾವಿ, ಕಡಪಾ ಮೂರಕ್ಕೂ ಹೊಸ ಟರ್ಮಿನಲ್‌ನ ಅಡಿಗಲ್ಲು ಹಾಕ್ಯಾರ. 2017ರ ಕಟ್ಟಡಾನ ಎಷ್ಟ ಪ್ರೀತಿಯಿಂದ ಮಾಡಿದ್ರೂ ಅದು ಹಳೇದಾಗೋ ಕಾಲ ಬಂದೈತಿ. ರನ್‌ವೇ ಅಷ್ಟು ಬೇಗ ಬದಲಾಗಂಗಿಲ್ಲ. ಕಟ್ಟಡಕ್ಕೋಸ್ಕರ ರೊಕ್ಕ ಕೊಡೋರು ಮಾರೋರಿಗೆ ಎರಡು ಮಾತು ಕೇಳಲೇಬೇಕು: ಇದು ಯಾವ ವರ್ಷದ ಏರ್‌ಪೋರ್ಟ್, ಹೊಸ ಟರ್ಮಿನಲ್ ತೆರೆದ ಮ್ಯಾಲ ಅಪ್‌ಡೇಟ್ ಪುಕ್ಕಟೆ ಕೊಡ್ತೀರೇನು? ಪ್ಯಾಕ್‌ನ ಬದಲಾವಣೆ ಪಟ್ಟಿ ತೆಗೆದು ನೋಡ್ರಿ. ಬಿಡುಗಡೆ ಆದ ಮ್ಯಾಲ ಒಂದೂ ತಿದ್ದುಪಡಿ ಬಂದಿಲ್ಲ ಅಂದ್ರ ಮುಂದೂ ಬರೋದು ಕಷ್ಟ. ಅದರಾಗೂ 2020ರ ಸಿಮ್‌ಗೆ ಮಾಡಿದ್ದು 2024ರ ಸಿಮ್‌ನ್ಯಾಗ ನಡೀತೈತಿ ಅಂತ ಬರೆದಿದ್ರ, ನೆಲ ಉಬ್ಬಿ ನಿಂತೈತೇನು, ಗೆರೆ ಮಿಣಮಿಣ ಮಿನಗ್ತಾವೇನು ಅಂತ ಯಾರಾರ ವಿಡಿಯೋದಾಗ ನೋಡಿ ಖಾತ್ರಿ ಮಾಡ್ಕೋರಿ.

ರಾತ್ರಿ ಹಾರಸೋರ ಮಾತು ಬಂತಲ್ಲ, ರಾತ್ರಿ ಪರೀಕ್ಷೆ ಬ್ಯಾರೆನ ಐತಿ. ರನ್‌ವೇ ಅಂಚಿನ ದೀಪ ಬಿಳಿ, ಕಡೇ 600 ಮೀಟರ್ ಹಳದಿ. ಥ್ರೆಶೋಲ್ಡ್ ಹಸಿರು, ತುದಿ ಕೆಂಪು. ಟ್ಯಾಕ್ಸಿವೇ ಅಂಚು ನೀಲಿ. ಉದ್ದಕ್ಕೂ ಬರೇ ಬಿಳಿ ಇಟ್ಟ ಪ್ಯಾಕ್‌ಗಳು ಅದಾವ. ಬ್ರೇಕ್ ಹಾಕಿಕೋತ ಹೋಗೋ ಪೈಲಟ್‌ಗೆ ಎಷ್ಟು ರನ್‌ವೇ ಉಳದೈತಿ ಅಂತ ಹೇಳೋದು ಆ ಹಳದಿ. ಆ್ಯಪ್ರನ್ (ವಿಮಾನ ನಿಲ್ಲೋ ಅಂಗಳ) ದೀಪ ಕಣ್ಣು ಕುಕ್ಕೋವಷ್ಟು ಇಟ್ಟು ಸ್ಕ್ರೀನ್‌ಶಾಟ್ ಚಂದ ಮಾಡೋರು ಇದನ್ನ ಬಿಟ್ಟಿರ್ತಾರ.

ಚಿಗರಿ_ಹೊಸಬ (ಹುಬ್ಬಳ್ಳಿ)

ಒಂದೇ ಏರ್‌ಪೋರ್ಟಿಗೆ ಎರಡು ಪುಕ್ಕಟೆ ಪ್ಯಾಕ್ ಹಾಕಿದ್ರೆ ಯಾವುದು ಚೆನ್ನಾಗಿದೆಯೋ ಅದು ಕಾಣುತ್ತಾ?

ವರದಾತೀರ (ಹಾವೇರಿ)

ಇಲ್ಲ, ಎರಡೂ ಒಂದರ ಮೇಲೊಂದು ಕೂರುತ್ತವೆ. ಎಂಎಸ್‌ಎಫ್‌ಎಸ್ ಆದರೆ ಕಮ್ಯುನಿಟಿ ಫೋಲ್ಡರಿನಲ್ಲಿ ಒಂದೇ ಇಟ್ಟುಕೊಳ್ಳಿ, ಇನ್ನೊಂದನ್ನು ಬೇರೆ ಕಡೆ ಸರಿಸಿ. ಟರ್ಮಿನಲ್ ಒಳಗೆ ಮರ ಬೆಳೆದಿದ್ದರೆ, ಒಂದು ಕಟ್ಟಡದೊಳಗಿಂದ ಇನ್ನೊಂದು ಇಣುಕಿದರೆ ಪ್ಯಾಕ್ ಮಾಡಿದವರನ್ನು ಬೈಯೋ ಮುಂಚೆ ಇದನ್ನು ನೋಡಿ. ಎಕ್ಸ್-ಪ್ಲೇನ್‌ನಲ್ಲಿ ಸೀನರಿ ಪ್ಯಾಕ್ಸ್ ಐಎನ್‌ಐ ಅನ್ನೋ ಫೈಲ್ ಇದೆ, ಅದರಲ್ಲಿ ಮೇಲಿರೋದಕ್ಕೆ ಮೊದಲ ಆದ್ಯತೆ. ಏರ್‌ಪೋರ್ಟ್ ಮೇಲೆ, ಆರ್ಥೋ ನೆಲ (ಉಪಗ್ರಹ ಚಿತ್ರದ ನೆಲ) ಅದರ ಕೆಳಗೆ. ತಿರುವು ಮುರುವಾದರೆ ಏರ್‌ಪೋರ್ಟೇ ಮಾಯವಾಗಬಹುದು.

ಪ್ಯಾಕ್ ಒಳಗೆ ಐಎಲ್‌ಎಸ್ (ರೇಡಿಯೋ ಸಂಕೇತದಿಂದ ಇಳಿಯೋ ದಾರಿ ತೋರಿಸೋ ವ್ಯವಸ್ಥೆ), ಅಪ್ರೋಚ್ ಮಾಹಿತಿ ಸೇರಿಸಿದ್ದಾರಾ ಅಂತಲೂ ವಿಚಾರಿಸಿ. ವಿಮಾನಯಾನದ ಮಾಹಿತಿ 28 ದಿನಕ್ಕೊಮ್ಮೆ ಬದಲಾಗುತ್ತೆ. ನೀವು ಈ ಹೊಸ ಮಾಹಿತಿ ಒದಗಿಸೋ ನ್ಯಾವಿಗ್ರಾಫ್ ಸೇವೆಯ ಚಂದಾದಾರರಾಗಿದ್ದು ಪ್ಯಾಕ್ ತನ್ನ ಹಳೇ ಮಾಹಿತಿ ಹಿಡಿದು ಕೂತಿದ್ದರೆ ಎರಡಕ್ಕೂ ಜಗಳ ಹತ್ತುತ್ತೆ.

ಕಪ್ಪತಗುಡ್ಡ (ಗದಗ)

ನೆರೆಹೊರೆಯ ಏರ್‌ಪೋರ್ಟಿಗೆ ಇದ ಅಳತಿ ನಡೀತೈತೇನು? ಮಂಗಳೂರು, ಶಿವಮೊಗ್ಗ, ಗೋವಾ?

ಗೋಕುಲ್‌ಫೈನಲ್ (ಹುಬ್ಬಳ್ಳಿ)

ಅಳತಿ ಅದ, ಒತ್ತು ಕೊಡೋ ಜಾಗ ಬ್ಯಾರೆ. ಮಂಗಳೂರಿನ್ಯಾಗ ನೆಲದ ಆಕಾರ ಎಲ್ಲಾಕ್ಕಿಂತ ಮುಖ್ಯ. ಗುಡ್ಡ ಕಡದು ಮಾಡಿದ ಟೇಬಲ್-ಟಾಪ್ ರನ್‌ವೇ, 2,450 ಮೀಟರ್, ಅಂಚು ದಾಟಿದ್ರ ಕಣಿವಿ. ಆ ಇಳಿಜಾರು ಮೆತ್ತಗ ಮಾಡಿಟ್ಟ ಸೀನರಿ ಮಂಗಳೂರು ಅಲ್ಲವ ಅಲ್ಲ, ಟರ್ಮಿನಲ್ ಎಷ್ಟ ಚಂದ ಇರಲಿ. ಶಿವಮೊಗ್ಗ 2023ರ ಫೆಬ್ರವರಿಯೊಳಗ ತೆರೆದಿದ್ದು, 3,200 ಮೀಟರ್ ರನ್‌ವೇ, ಹಳೇ ಉಪಗ್ರಹ ಚಿತ್ರದಾಗ ಬರೇ ಹೊಲ. ಮೋಪಾಕ್ಕೂ ಅದ ತೊಂದರೆ, ಅದು ಉದ್ಘಾಟನೆ ಆಗಿದ್ದು 2022ರ ಡಿಸೆಂಬರ್‌ನ್ಯಾಗ. ಇವೆರಡಕ್ಕ ಆ್ಯಡ್-ಆನ್ ನಿಜವಾಗಿ ಬೇಕಾಗಬಹುದು, ಯಾಕಂದ್ರ ಕೆಳಗಿನ ನೆಲಾನ ಸಮ ಮಾಡಬೇಕು. ಗೋವಾದ ಇನ್ನೊಂದು ಏರ್‌ಪೋರ್ಟ್ ದಾಬೋಲಿಂ ನೌಕಾಪಡೆಯ ಐಎನ್‌ಎಸ್ ಹಂಸ ಒಳಗಿರೋದು. ಅಲ್ಲಿ ಸೇನೆಯ ಭಾಗ ಸರಿಯಾಗಿ ಮಾಡಿಲ್ಲ ಅಂತ ಯಾರನ್ನೂ ದೂರಬ್ಯಾಡ್ರಿ, ಫೋಟೋ ತೆಗೆಯೋ ಜಾಗಾನ ಅಲ್ಲ ಅದು.

ಬೆಂಗಳೂರು ದೊಡ್ಡ ಏರ್‌ಪೋರ್ಟ್, 4,000 ಮೀಟರಿನ ಎರಡು ರನ್‌ವೇ, ಎರಡು ಟರ್ಮಿನಲ್. ಕಪ್ಪತಗುಡ್ಡ ಅವರು ಮೇಲೆ ಬರೆದ ಮೆಮೊರಿ ಲೆಕ್ಕ ಅಲ್ಲಿ ಎಲ್ಲಾಕ್ಕಿಂತ ಮೊದಲು.

ವರದಾತೀರ (ಹಾವೇರಿ)

ಇಷ್ಟು ಹೊತ್ತು ಎಲ್ಲರೂ ಹೇಳಿದ್ದನ್ನು ಬರೆದಿಟ್ಟುಕೊಂಡಿದ್ದೇನೆ. ನಾನು ಹುಬ್ಬಳ್ಳಿಯ ಗೇಟ್‌ವೇ ಆವೃತ್ತಿಗೆ ತಿದ್ದುಪಡಿ ಮಾಡುತ್ತಾ ಇದ್ದೀನಿ. ರನ್‌ವೇ ಗೆರೆ, ಏಮಿಂಗ್ ಪಾಯಿಂಟ್, ಪಾಪಿ ಜಾಗ ಎಲ್ಲ ಎಐಪಿ ಚಾರ್ಟ್ ನೋಡಿ ಕೂರಿಸಿದ್ದೇನೆ. ಮಣ್ಣಿನ ಬಣ್ಣ ಆರ್ಥೋ ನೆಲಕ್ಕೆ ಬಿಟ್ಟಿದ್ದೇನೆ. ಸಾಧನಕೇರಿ ಅವರಿಗೆ ಒಂದು ಮಾತು: ಗೇಟ್‌ವೇಗೆ ಕಳಿಸೋ ಪ್ರತಿಯಲ್ಲಿ ಲೈಬ್ರರಿ ಕಟ್ಟಡವೇ ಇರುತ್ತೆ, ಆದರೆ ಬ್ಲೆಂಡರ್ (3ಡಿ ಮಾಡೆಲ್ ಮಾಡೋ ಸಾಫ್ಟ್‌ವೇರ್) ಕಲಿತವರು ಯಾರಾದರೂ ಟರ್ಮಿನಲ್ ಮಾಡೆಲ್ ಮಾಡಿದರೆ ಅದನ್ನು ಬೇರೆ ಪ್ಯಾಕ್ ಆಗಿ ಪುಕ್ಕಟೆ ಹಂಚಬಹುದು. ಬೇಕಾದವರು ಹಾಕಿಕೊಳ್ಳಲಿ, ಬೇಡದವರಿಗೆ ಮೆಮೊರಿ ಉಳಿಯಲಿ.

ಕಳಿಸೋ ಮುಂಚೆ ಪರೀಕ್ಷಿಸೋರು ಬೇಕು.

ಸಾಧನಕೇರಿ (ಧಾರವಾಡ)

ನನ್ನ ತಂಗಿ ಮಗ ಬ್ಲೆಂಡರ್ ಮಾಡ್ತಾನ. ಟರ್ಮಿನಲ್‌ನ ಹೊರಗಿನ ಮುಖ ಅವನ ಕಡೆಯಿಂದ ಮಾಡಸ್ತೀನಿ, ಫೋಟೋ ಸಾರ್ವಜನಿಕರು ನಿಲ್ಲೋ ಕಡೆಯಿಂದ ತಗೋತೀನಿ. ಟೆಕ್ಸ್‌ಚರ್ 2048ರೊಳಗ ಇರಲಿ ಅಂತ ಹೇಳೇನಿ.

ಕಪ್ಪತಗುಡ್ಡ (ಗದಗ)

6 ಜಿಬಿ ಕಾರ್ಡಿನ ಮ್ಯಾಲ ಫ್ರೇಮ್ ಟೈಮ್ ನಾನು ಅಳೀತೀನಿ. ಗೇಟ್‌ವೇ ಪ್ರತಿಗೊಂದು, ಟರ್ಮಿನಲ್ ಕೂಡಿಸಿ ಒಂದು.

ವಿಂಡ್‌ಸಾಕ್ (ಧಾರವಾಡ)

ಪಾಪಿ ಮತ್ತು ರನ್‌ವೇ ಇಳಿಜಾರು ನನಗಿರಲಿ. ಎರಡೂ ತುದಿಗಳಿಂದ ಮೂರು, ಎರಡು, ಒಂದು ಮೈಲಿಯಲ್ಲಿ ಆಲ್ಟಿಮೀಟರ್ ಬರೆದುಕೊಂಡು ಕಳಿಸುತ್ತೇನೆ.

ಗೋಕುಲ್‌ಫೈನಲ್ (ಹುಬ್ಬಳ್ಳಿ)

ರಾತ್ರಿ ದೀಪ, ಟ್ಯಾಕ್ಸಿವೇ ಫಲಕ, ಪಾರ್ಕಿಂಗ್ ಸಂಖ್ಯೆ ನಾನು ಚಾರ್ಟ್ ಹಿಡಕೊಂಡು ನೋಡ್ತೀನಿ. ವರದಾತೀರ ಅವರ, ಫೈಲ್ ಇಲ್ಲೇ ಹಾಕ್ರಿ. ಚಿಗರಿ ಅವರಿಗೂ ಒಂದು ಕೆಲಸ ಐತಿ: ನೀವು ಹುಬ್ಬಳ್ಳಿಯೊಳಗ ಇದ್ದೀರಿ, ವಿಮಾನ ನಿಲ್ದಾಣದ ಹೊರಗಿನ ರಸ್ತೆ, ಮರ, ಬೇಲಿ ಯಾವ ಕಡೆ ಹೆಂಗ ಅದಾವ ಅಂತ ನೋಡಿ ಬರದು ಕಳಸ್ರಿ. ಬೇಲಿ ಒಳಗಿನ ಫೋಟೋ ಬ್ಯಾಡ.